ಮುಪ್ಪನ್ನು ಓದಿದವರು

‘ವಯಸ್ಸಾಯಿತು, ಇನ್ನೇನು?’ ಎಂಬ ಮಾತನ್ನು ನೀವು ಕೇಳಿದ್ದೀರಿ. ಬಹುಶಃ ಆಡಿಯೂ ಇದ್ದೀರಿ. ಈ ಮಾತಿಗೆ ಎದುರು ನಿಂತ ಶಾಸ್ತ್ರವೊಂದಿದೆ. 1903ರಲ್ಲಿ ವಿಜ್ಞಾನಿ ಮೆಚ್ನಿಕಾಫ್ ಅದನ್ನು ಜೆರಾಂಟಾಲಜಿ, ಅಂದರೆ ವೃದ್ಧಾಪ್ಯಶಾಸ್ತ್ರ, ಎಂದು ಕರೆದರು.

ಆದರೆ ಅದರ ಬೆಲೆ ತಿಳಿದದ್ದು ಹಾಸಿಗೆಯ ಬದಿಯಲ್ಲಿ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರನ್ ಅವರ ಪಾಲಿಗೆ ನೆರೆಯ ಬಡವರ ವರ್ಕ್‌ಹೌಸಿನ ನೂರಾರು ರೋಗಿಗಳು ಬಂದರು. ಏಳಲಾರರೆಂದು ವರ್ಷಗಟ್ಟಲೆ ಮಲಗಿಸಿದ್ದವರು! ಆಕೆ ಒಬ್ಬೊಬ್ಬರನ್ನೂ ಪರೀಕ್ಷಿಸಿ ಎಬ್ಬಿಸಿ ನಡೆಸತೊಡಗಿದರು. ಅನೇಕರು ಮನೆ ಸೇರಿದರು. ಮುಪ್ಪಿಗಿಂತ ಹಾಸಿಗೆಯೇ ಅವರನ್ನು ಹೆಚ್ಚು ಕೆಡಿಸಿತ್ತು.

ನಮ್ಮ ದೇಶದಲ್ಲಿ ಈ ವಿಷಯದ ಎಂ.ಡಿ. ಶಿಕ್ಷಣ ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಮೊದಲಾದದ್ದು 1996ರಲ್ಲಿ, ಬಹಳ ತಡವಾಗಿ. ವೃದ್ಧರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2010ರಲ್ಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳ ವಾರ್ಡು ಅದರ ಯೋಜನೆ.

ಮಕ್ಕಳು ಹೈದರಾಬಾದು, ಪುಣೆಗಳಿಗೆ ದುಡಿಯಲು ಹೋದ ಮನೆಗಳು ನಮ್ಮ ಜಿಲ್ಲೆಯಲ್ಲಿವೆ. ಭಾಲ್ಕಿಯಿಂದ ನರ್ಸಿಂಗ್ ಓದಲು ಹೊರಟ ಮಗಳಿದ್ದರೆ ಈ ವಿಷಯವನ್ನು ಅವಳ ಕಿವಿಗೆ ಹಾಕಿರಿ. ಔರಾದಿನ ಅಜ್ಜಿ ಎರಡು ದಿನಗಳಿಂದ ಮಂಕಾಗಿ ಊಟ ಬಿಟ್ಟಿದ್ದರೆ ಅದು ಜ್ವರವೇ ಇಲ್ಲದ ನ್ಯುಮೋನಿಯಾ ಇರಬಹುದು. ಬರಿಯ ಕನಿಕರಕ್ಕೆ ಅದು ಕಾಣುವುದಿಲ್ಲ. ಆ ಅಜ್ಜಿ ತನ್ನ ನೋವನ್ನು ಮರಾಠಿಯಲ್ಲಿ ಹೇಳಿಯಾಳು, ಬೀದರಿನ ಓಣಿಯ ಅಜ್ಜ ದಖನಿಯಲ್ಲಿ.