ಶಸ್ತ್ರಚಿಕಿತ್ಸೆಯ ನಂತರದ ಜ್ವರ

ಕೃಷ್ಣರಾಜಪುರದ ಆಚೆ ವೈಟ್‌ಫೀಲ್ಡಿನಲ್ಲಿರುವ ಶ್ರೀ ಸತ್ಯಸಾಯಿ ಆಸ್ಪತ್ರೆಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. 2001ರ ಜನವರಿ 19ರಂದು ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು ಅದನ್ನು ಉದ್ಘಾಟಿಸಿದರು. ಹೃದಯದ ಶಸ್ತ್ರಚಿಕಿತ್ಸೆಗೂ ಅಲ್ಲಿ ಶುಲ್ಕವಿಲ್ಲ. ಆದುದರಿಂದ ಹೃದಯದಲ್ಲಿ ರಂಧ್ರವಿರುವ ಮಕ್ಕಳನ್ನು ಹೆತ್ತವರು ದೂರದೂರದ ಊರುಗಳಿಂದ ಕರೆತರುತ್ತಾರೆ.

ಇಂಥ ಚಿಕಿತ್ಸೆ ಎಲ್ಲಿಯೇ ನಡೆದಿರಲಿ, ಮಗು ಮನೆ ಸೇರಿದ ಕೆಲವು ವಾರಗಳಲ್ಲಿ ಒಮ್ಮೊಮ್ಮೆ ಜ್ವರ, ಎದೆನೋವು ಕಾಣಿಸಿಕೊಳ್ಳುವುದುಂಟು. ಆಪರೇಷನ್ ಕೆಟ್ಟಿತೆಂದು ಮನೆಯವರು ಕಂಗಾಲಾಗುತ್ತಾರೆ. ಈ ಜ್ವರ ಮೊದಮೊದಲು ವೈದ್ಯರನ್ನೂ ದಾರಿ ತಪ್ಪಿಸಿತ್ತು.

1950ರ ದಶಕದ ಆರಂಭದಲ್ಲಿ, ರುಮ್ಯಾಟಿಕ್ ಜ್ವರದಿಂದ ಕಿರಿದಾದ ಹೃದಯದ ಕವಾಟವನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಬಳಕೆಗೆ ಬಂದಿತ್ತು. ಅದಾದ ಮೇಲೆ ಕೆಲವರಿಗೆ ಜ್ವರ ಬರುತ್ತಿತ್ತು. ಹಳೆಯ ರುಮ್ಯಾಟಿಕ್ ಜ್ವರವೇ ಮರುಕಳಿಸಿದೆಯೆಂದು ಅಮೆರಿಕದ ಸೊಲೋಫ್ ಮತ್ತು ಸಂಗಡಿಗರು 1953ರಲ್ಲಿ ಬರೆದರು. ರೋಗಿಗಳೆಲ್ಲರಿಗೂ ಆ ಕಾಯಿಲೆಯಿದ್ದುದರಿಂದ ಊಹೆ ಸಹಜವಾಗಿತ್ತು.

1958ರಲ್ಲಿ ಇಟೊ, ಮೇರಿ ಆಲನ್ ಎಂಗಲ್ ಮತ್ತು ಗೋಲ್ಡ್‌ಬರ್ಗ್ ಬೇರೆಯದನ್ನು ತೋರಿಸಿದರು. ರುಮ್ಯಾಟಿಕ್ ಕಾಯಿಲೆಯಿಲ್ಲದವರಲ್ಲೂ ಶಸ್ತ್ರಚಿಕಿತ್ಸೆಯ ಬಳಿಕ ಅದೇ ಜ್ವರ ಬಂದಿತ್ತು. ಕಾರಣವೆಂದುಕೊಂಡದ್ದು ಇಲ್ಲದೆಡೆಯಲ್ಲೂ ಪರಿಣಾಮ ಕಂಡರೆ, ಕಾರಣ ಬೇರೆಯಿರಬೇಕಲ್ಲವೆ? ಎಲ್ಲರಲ್ಲೂ ಸಮಾನವಾಗಿದ್ದುದು ಹೃದಯದ ಹೊರಪೊರೆಯನ್ನು ಕೊಯ್ದು ತೆರೆದದ್ದು. ಗಾಯಗೊಂಡ ಪೊರೆಯ ಮೇಲೆ ದೇಹದ ರಕ್ಷಣಾವ್ಯವಸ್ಥೆಯೇ ತಿರುಗಿಬಿದ್ದು ಉರಿಯೂತ ಉಂಟಾಗುತ್ತದೆಂದು ಇಂದು ಭಾವಿಸಲಾಗಿದೆ.

ಇನ್ನೊಂದು ಉರಿಯೂತ ಶಸ್ತ್ರಚಿಕಿತ್ಸೆಯ ಹೊತ್ತಿಗೇ ಮೊದಲಾಗುತ್ತದೆ. 1953ರ ಮೇ 6ರಂದು ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ 18 ವರ್ಷದ ಯುವತಿಯ ಹೃದಯದ ರಂಧ್ರವನ್ನು ಮುಚ್ಚಿದರು. ಯಂತ್ರದೊಳಗೆ ಹರಿಯುವ ರಕ್ತ ಪರಕೀಯ ವಸ್ತುವನ್ನು ಸ್ಪರ್ಶಿಸಿ ಕೆರಳುತ್ತದೆ. ವಯಸ್ಸು ಕಡಿಮೆಯಾದಷ್ಟೂ, ಯಂತ್ರದ ಅವಧಿ ಹೆಚ್ಚಾದಷ್ಟೂ ಅಪಾಯ ಹೆಚ್ಚೆಂದು ಕಿರ್ಕ್‌ಲಿನ್ ಮತ್ತು ಸಂಗಡಿಗರು 1983ರಲ್ಲಿ ತೋರಿಸಿದರು. ಎಳೆಯ ಶಿಶುಗಳನ್ನು ತೀವ್ರನಿಗಾ ಘಟಕದಲ್ಲಿ ಅಷ್ಟು ಎಚ್ಚರಿಕೆಯಿಂದ ಕಾಯುವುದಕ್ಕೆ ಇದೂ ಒಂದು ಕಾರಣ.

ತಡವಾಗಿ ಬರುವ ಜ್ವರ ಬಹುಮಟ್ಟಿಗೆ ಉರಿಯೂತ ತಗ್ಗಿಸುವ ಔಷಧಿಗಳಿಂದ ಶಮನವಾಗುತ್ತದೆ. ಆದರೆ ಪೊರೆಯೊಳಗೆ ನೀರು ತುಂಬಿ ಹೃದಯವನ್ನು ಒತ್ತಿದರೆ ಪ್ರಾಣಾಪಾಯ. ಸೋಂಕಿನಿಂದಲೂ ಜ್ವರ ಬರಬಹುದು. ಆದ್ದರಿಂದ ನೆರೆಹೊರೆಯಲ್ಲಿ ಇಂಥ ಮಗುವಿದ್ದು, ಜ್ವರ ಬಂದರೆ, ಅಂಗಡಿಯ ಮಾತ್ರೆ ನುಂಗಿಸಿ ಕಾಯಬೇಡಿರೆಂದು ಹೇಳಿ. ಆಸ್ಪತ್ರೆಯ ಚೀಟಿಯೊಡನೆ ಅದೇ ದಿನ ವೈದ್ಯರ ಬಳಿಗೆ ಕಳುಹಿಸಿ.