ಸಂಸ್ಥೆಗಳ ಗಣಕೀಕೃತ ದತ್ತಾಂಶದ ರಕ್ಷಣೆ ಹಾಗೂ ಅನಧಿಕೃತ ಪ್ರವೇಶಕ್ಕೆ ಪರಿಹಾರ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ದಿನಾಂಕ 17-10-2000 ರಿಂದ ಜಾರಿಗೆ ಬಂದಿರುತ್ತದೆ. ಗಣಕಯಂತ್ರದ ಮಾಲೀಕರ ಅಥವಾ ಅದರ ಉಸ್ತುವಾರಿ ಹೊಂದಿರುವ ವ್ಯಕ್ತಿಯ ಅನುಮತಿಯಿಲ್ಲದೆ ಆ ಯಂತ್ರವನ್ನಾಗಲೀ ಜಾಲವನ್ನಾಗಲೀ ಪ್ರವೇಶಿಸುವುದು, ಅದರಲ್ಲಿನ ದತ್ತಾಂಶವನ್ನು ನಕಲು ಮಾಡಿಕೊಳ್ಳುವುದು, ಅಳಿಸುವುದು, ತಿದ್ದುವುದು, ವೈರಸ್ ಸೇರಿಸುವುದು, ಅಧಿಕೃತ ಬಳಕೆದಾರರಿಗೆ ಪ್ರವೇಶ ದೊರೆಯದಂತೆ ಮಾಡುವುದು ಇವೆಲ್ಲವೂ ಸದರಿ ಅಧಿನಿಯಮದ ಕಲಂ 43 ರ ವ್ಯಾಪ್ತಿಗೆ ಬರುತ್ತವೆ. ಇಂತಹ ಕೃತ್ಯ ಎಸಗಿದವರು ನೊಂದವರಿಗೆ ನಷ್ಟ ಪರಿಹಾರ ನೀಡಲು ಬಾಧ್ಯರು. ಇದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ಕಪಟದಿಂದ ಎಸಗಿದ್ದಲ್ಲಿ, ಕಲಂ 66 ರ ಅನ್ವಯ ಮೂರು ವರ್ಷಗಳವರೆಗಿನ ಕಾರಾವಾಸ, ಅಥವಾ 5 ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ.

ಕಾಯಿದೆಯ ಈ ಪಾಠದಲ್ಲಿ ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಪದ ಒಂದೇ: "ಅನುಮತಿಯಿಲ್ಲದೆ". ದತ್ತಾಂಶ ಕಳೆದುಕೊಂಡ ಸಣ್ಣ ಸಂಸ್ಥೆಗಳು ಸಾಮಾನ್ಯವಾಗಿ ನಷ್ಟದ ಮೊತ್ತವನ್ನು ಸಾಬೀತುಪಡಿಸಲು ಸಿದ್ಧವಾಗಿ ಬರುತ್ತವೆ. ಆದರೆ ವಿಚಾರಣೆಯಲ್ಲಿ ಮೊದಲು ಏಳುವ ಪ್ರಶ್ನೆ ಯಾರಿಗೆ, ಯಾವ ಕಡತಕ್ಕೆ, ಯಾವ ದಿನಾಂಕದವರೆಗೆ ಅನುಮತಿ ಇತ್ತು ಎಂಬುದಾಗಿರುತ್ತದೆ. ಇದಕ್ಕೆ ಲಿಖಿತ ಉತ್ತರವಿಲ್ಲದಿದ್ದಲ್ಲಿ ನಷ್ಟ ಎಷ್ಟೇ ದೊಡ್ಡದಿದ್ದರೂ ದೂರು ದುರ್ಬಲಗೊಳ್ಳುತ್ತದೆ.

ಉದಾಹರಣೆಗೆ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ, ಹತ್ತಿಪ್ಪತ್ತು ಮಂದಿಯ ಒಂದು ಖಾಸಗಿ ಕಂಪನಿಯನ್ನು ಊಹಿಸಿಕೊಳ್ಳಬಹುದು. ಅದರ ನಿಜವಾದ ಆಸ್ತಿ ಲೇತ್ ಯಂತ್ರಗಳಲ್ಲಿಲ್ಲ. ಬಿಡಿಭಾಗಗಳ ನಕ್ಷೆಗಳಲ್ಲಿ, ದರಪಟ್ಟಿಯಲ್ಲಿ ಮತ್ತು ಗ್ರಾಹಕರ ವಿವರಗಳಲ್ಲಿದೆ. ಕಚೇರಿಯ ಗಣಕಯಂತ್ರಕ್ಕೆ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಮಾರಾಟ ವಿಭಾಗದ ನೌಕರರೊಬ್ಬರು ಕೆಲಸ ಬಿಟ್ಟು ಪ್ರತಿಸ್ಪರ್ಧಿ ಸಂಸ್ಥೆಗೆ ಸೇರುತ್ತಾರೆ. ನಾಲ್ಕು ತಿಂಗಳ ನಂತರ, ಸತತ ಮೂರು ಟೆಂಡರುಗಳು ಅಲ್ಪ ಅಂತರದಲ್ಲಿ ಕೈತಪ್ಪಿದಾಗ ಮಾಲೀಕರಿಗೆ ಸಂಶಯ ಬರುತ್ತದೆ. ದರಪಟ್ಟಿ ಹೊರಗೆ ಹೋಗಿರುವುದು ಮೇಲ್ನೋಟಕ್ಕೆ ನಿಶ್ಚಿತ. ಆದರೆ ಪಾಸ್‌ವರ್ಡ್ ಬದಲಾಗಿಲ್ಲ, ಅದನ್ನು ಬಳಸಕೂಡದೆಂದು ಆ ನೌಕರರಿಗೆ ತಿಳಿಸಿದ ಪತ್ರವಿಲ್ಲ, ಪ್ರವೇಶಿಸಿದವರು ಅವರೇ ಎಂದು ತೋರಿಸುವ ದಾಖಲೆಯೂ ಇಲ್ಲ. ಬಾಗಿಲು ಮುರಿದು ಬಂದವರಿಗಿಂತ, ಹಿಂದೊಮ್ಮೆ ಕೊಟ್ಟ ಕೀಲಿಕೈಯನ್ನು ಹಿಂದಿರುಗಿಸದವರ ವಿರುದ್ಧ ದೂರು ನಿರೂಪಿಸುವುದು ಕಷ್ಟ.

ಅನುಮತಿಯನ್ನು ದಾಖಲಿಸುವ ಕ್ರಮ

ಪ್ರತಿಯೊಬ್ಬ ಬಳಕೆದಾರರಿಗೂ ಪ್ರತ್ಯೇಕ ಖಾತೆ ಇರತಕ್ಕದ್ದು. ಯಾವ ಹುದ್ದೆಯವರು ಯಾವ ಕಡತಗಳನ್ನು ನೋಡಬಹುದು, ಯಾವುದನ್ನು ನಕಲು ಮಾಡಬಹುದು, ಸ್ವಂತ ಪೆನ್‌ಡ್ರೈವ್ ಅಥವಾ ಖಾಸಗಿ ಇ-ಮೇಲ್ ಬಳಸಬಹುದೇ ಎಂಬುದನ್ನು ಒಂದು ಪುಟದಲ್ಲಿ ಬರೆದು, ನೇಮಕಾತಿಯ ಸಮಯದಲ್ಲಿ ಸಹಿ ಪಡೆಯುವುದು ಸೂಕ್ತ. ಕಡತವನ್ನು ನೋಡಲು ಅನುಮತಿ ಇದ್ದವರು ಅದನ್ನು ಮನೆಗೆ ಕೊಂಡೊಯ್ದಾಗ ಅನುಮತಿ ಮೀರಿದರೇ ಇಲ್ಲವೇ ಎಂಬ ವಿವಾದಕ್ಕೆ ಈ ಒಂದು ಪುಟವೇ ಬಹುಪಾಲು ಉತ್ತರ ನೀಡಬಲ್ಲದು.

ನೇಮಕಾತಿ ಕರಾರಿನಲ್ಲಿ ಗೋಪ್ಯತೆಯ ಷರತ್ತು ಇರುವುದು ಅವಶ್ಯ. ಭಾರತದಲ್ಲಿ ವ್ಯಾಪಾರ ರಹಸ್ಯಗಳಿಗೆಂದೇ ಪ್ರತ್ಯೇಕ ಕಾಯಿದೆ ಇಲ್ಲದಿರುವುದರಿಂದ, ಇಂತಹ ಮಾಹಿತಿಯ ರಕ್ಷಣೆ ಹೆಚ್ಚಾಗಿ ಕರಾರನ್ನೇ ಅವಲಂಬಿಸಿರುತ್ತದೆ. ಅನೇಕ ಸಂಸ್ಥೆಗಳು ಕೆಲಸ ಬಿಟ್ಟವರು ಇಷ್ಟು ವರ್ಷ ಪ್ರತಿಸ್ಪರ್ಧಿಗಳಲ್ಲಿ ಸೇರಕೂಡದೆಂಬ ಷರತ್ತನ್ನೇ ನೆಚ್ಚಿಕೊಂಡಿರುವುದುಂಟು. ಭಾರತೀಯ ಕರಾರು ಅಧಿನಿಯಮ, 1872 ರ ಕಲಂ 27 ರಂತೆ ವೃತ್ತಿ ನಿರ್ಬಂಧಿಸುವ ಕರಾರು ಅಷ್ಟರ ಮಟ್ಟಿಗೆ ಶೂನ್ಯವಾದುದರಿಂದ, ಆ ಷರತ್ತು ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಗೋಪ್ಯ ಮಾಹಿತಿಯನ್ನು ಹೊರಗೆಡಹಕೂಡದೆಂಬ ಷರತ್ತಿಗೆ ಇರುವ ಬೆಲೆ ಇದಕ್ಕೆ ಇಲ್ಲ.

ನೌಕರರು ಬಿಡುಗಡೆಯಾಗುವ ದಿನವೇ ಅವರ ಖಾತೆಯನ್ನು ಸ್ಥಗಿತಗೊಳಿಸಿ, ಬಿಡುಗಡೆ ಪತ್ರದಲ್ಲಿ ಆ ಸಂಗತಿಯನ್ನು ನಮೂದಿಸತಕ್ಕದ್ದು. ಸಂಸ್ಥೆಯ ಇ-ಮೇಲ್ ಹಾಗೂ ಜಾಲತಾಣದ ಹೆಸರು ಯಾರ ಮೊಬೈಲ್ ಸಂಖ್ಯೆಗೆ ನೋಂದಣಿಯಾಗಿದೆ ಎಂಬುದನ್ನು ಈ ಸಂದರ್ಭದಲ್ಲಿ ಪರಿಶೀಲಿಸುವುದು ಒಳಿತು. ಓಟಿಪಿ ಹೋಗುವುದು ಹಳೆಯ ನೌಕರರ ಫೋನಿಗಾದರೆ ಪಾಸ್‌ವರ್ಡ್ ಬದಲಾಯಿಸಿಯೂ ಪ್ರಯೋಜನವಿಲ್ಲ. ಲೆಕ್ಕಪತ್ರ ತಂತ್ರಾಂಶದ ದುರಸ್ತಿಗಾಗಿ ಹೊರಗಿನವರು ಅಳವಡಿಸಿದ, ದೂರದಿಂದಲೇ ಗಣಕಯಂತ್ರವನ್ನು ನಿಯಂತ್ರಿಸುವ ತಂತ್ರಾಂಶವನ್ನೂ ಕೆಲಸ ಮುಗಿದೊಡನೆ ತೆಗೆದುಹಾಕಬೇಕಾಗುತ್ತದೆ.

ಡಿಜಿಟಲ್ ಸಹಿ

ಕಂಪನಿ ವ್ಯವಹಾರಗಳ ಮಂತ್ರಾಲಯಕ್ಕೆ ವಿವರಪಟ್ಟಿಗಳನ್ನು ಆನ್‌ಲೈನ್ ಮೂಲಕ ಸಲ್ಲಿಸುವಲ್ಲಿ ನಿರ್ದೇಶಕರ ಡಿಜಿಟಲ್ ಸಹಿ ಪ್ರಮಾಣಪತ್ರವನ್ನು ಬಳಸಲಾಗುತ್ತದೆ. ಯುಎಸ್‌ಬಿ ಟೋಕನ್‌ನಲ್ಲಿರುವ ಈ ಸಹಿಯನ್ನು ಪಿನ್ ಸಮೇತ ಲೆಕ್ಕ ಪರಿಶೋಧಕರ ಕಚೇರಿಯಲ್ಲಿಯೇ ವರ್ಷಗಟ್ಟಲೆ ಇರಿಸುವ ರೂಢಿ ಬೆಳೆದಿರುವುದು ವಿಷಾದನೀಯ. ಖಾಲಿ ಚೆಕ್ಕಿಗೆ ಸಹಿ ಹಾಕಿ ಬಿಟ್ಟುಬರಲು ಯಾವ ಮಾಲೀಕರೂ ಒಪ್ಪಲಾರರು. ಟೋಕನ್ ವಿಷಯದಲ್ಲಿ ಮಾತ್ರ ಈ ಎಚ್ಚರ ಕಾಣುವುದಿಲ್ಲ. ಅಧಿನಿಯಮದ ಕಲಂ 42 ರ ಪ್ರಕಾರ ಸಹಿಯ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿರಿಸಿಕೊಳ್ಳುವ ಹೊಣೆ ಪ್ರಮಾಣಪತ್ರ ಪಡೆದವರದೇ ಆಗಿರುತ್ತದೆ. ಕೀಲಿ ಅನ್ಯರ ಪಾಲಾದುದನ್ನು ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸುವವರೆಗಿನ ಅವಧಿಗೆ ಅವರೇ ಬಾಧ್ಯರು. ಆದುದರಿಂದ ಟೋಕನ್ ಕಳೆದ ಕೂಡಲೇ ಪ್ರಮಾಣಪತ್ರ ನೀಡಿದ ಸಂಸ್ಥೆಗೆ ಲಿಖಿತವಾಗಿ ತಿಳಿಸಿ ರದ್ದತಿ ಕೋರತಕ್ಕದ್ದು. ಅನ್ಯರ ಡಿಜಿಟಲ್ ಸಹಿಯನ್ನಾಗಲೀ ಪಾಸ್‌ವರ್ಡನ್ನಾಗಲೀ ಕಪಟದಿಂದ ಬಳಸುವುದು ಕಲಂ 66ಸಿ ಅಡಿಯಲ್ಲಿ ಪ್ರತ್ಯೇಕ ಅಪರಾಧ.

ದಾಖಲೆಗಳ ಸಂರಕ್ಷಣೆ

ಯಾವ ಖಾತೆಯಿಂದ, ಯಾವ ವೇಳೆಯಲ್ಲಿ, ಎಲ್ಲಿಂದ ಪ್ರವೇಶ ನಡೆಯಿತು ಎಂಬುದನ್ನು ದಾಖಲಿಸುವ ಲಾಗ್‌ಗಳೇ ಇಂತಹ ಪ್ರಕರಣಗಳ ಮುಖ್ಯ ಸಾಕ್ಷ್ಯ. ಅನೇಕ ಸಾಧನಗಳಲ್ಲಿ ಜಾಗ ತುಂಬಿದೊಡನೆ ಹಳೆಯ ಲಾಗ್ ಅಳಿದು ಅದರ ಮೇಲೆ ಹೊಸದು ಬರೆಯಲ್ಪಡುತ್ತದೆ. ಮೇಲಿನ ಉದಾಹರಣೆಯಲ್ಲಿ ಸಂಶಯ ಮೂಡಿದ್ದು ನಾಲ್ಕು ತಿಂಗಳ ನಂತರ ಎಂಬುದನ್ನು ಇಲ್ಲಿ ನೆನೆಯಬಹುದು. ಭಾರತೀಯ ಗಣಕಯಂತ್ರ ತುರ್ತು ಪ್ರತಿಕ್ರಿಯಾ ತಂಡವು (ಸರ್ಟ್-ಇನ್) ದಿನಾಂಕ 28-04-2022 ರಂದು ಹೊರಡಿಸಿದ ನಿರ್ದೇಶನಗಳಂತೆ ಲಾಗ್‌ಗಳನ್ನು 180 ದಿನಗಳ ಅವಧಿಗೆ ಕಾಯ್ದಿರಿಸಬೇಕಾಗಿದ್ದು, ಎಲ್ಲ ಯಂತ್ರಗಳ ಗಡಿಯಾರಗಳೂ ಒಂದೇ ಪ್ರಮಾಣ ಸಮಯಕ್ಕೆ ಹೊಂದಿಕೆಯಾಗಿರಬೇಕು. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸುವಂತಿರಬೇಕೆಂಬ ನಿಯಮವು ದಿನಾಂಕ 01-04-2023 ರಿಂದ ಅನ್ವಯವಾಗಿರುತ್ತದೆ. ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಿಸತಕ್ಕದ್ದು.

ಕೃತ್ಯ ಗಮನಕ್ಕೆ ಬಂದಾಗ

ಸಂಶಯಾಸ್ಪದ ಗಣಕಯಂತ್ರವನ್ನು ಜಾಲದಿಂದ ಬೇರ್ಪಡಿಸುವುದು ಸರಿಯಾದ ಮೊದಲ ಹೆಜ್ಜೆ. ಅದನ್ನು ಫಾರ್ಮ್ಯಾಟ್ ಮಾಡಿಸಿ ಪುನಃ ಬಳಕೆಗೆ ತರುವುದು ಅತ್ಯಂತ ಸಾಮಾನ್ಯವಾದ ಮತ್ತು ಸರಿಪಡಿಸಲಾಗದ ತಪ್ಪು. ಅನಧಿಕೃತ ಪ್ರವೇಶವು ಗಮನಕ್ಕೆ ಬಂದ 6 ಗಂಟೆಗಳೊಳಗಾಗಿ ಸರ್ಟ್-ಇನ್‌ಗೆ ವರದಿ ಸಲ್ಲಿಸಬೇಕೆಂದು ಮೇಲ್ಕಂಡ ನಿರ್ದೇಶನಗಳು ವಿಧಿಸಿವೆ. ಪೊಲೀಸ್ ದೂರನ್ನು ಜಿಲ್ಲೆಯ ಸಿ.ಇ.ಎನ್. ಅಪರಾಧ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್ ಮೂಲಕ ದಾಖಲಿಸಬಹುದು; ಹಣವೂ ವರ್ಗಾವಣೆಯಾಗಿದ್ದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು. ಅಧಿನಿಯಮದ ಅಡಿಯ ಅಪರಾಧಗಳ ತನಿಖೆಯನ್ನು ಇನ್ಸ್‌ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ ನಡೆಸುತ್ತಾರೆ.

ಲಾಗ್ ಅಥವಾ ಇ-ಮೇಲ್‌ಗಳ ಮುದ್ರಿತ ಪ್ರತಿಯನ್ನು ಹಾಜರುಪಡಿಸಿದರೆ ಅದಷ್ಟೇ ಸಾಕ್ಷ್ಯವಾಗದು. ದಿನಾಂಕ 01-07-2024 ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ರ ಕಲಂ 63 ರಂತೆ ಅದರೊಡನೆ ಪ್ರಮಾಣಪತ್ರ ಲಗತ್ತಿಸಬೇಕು. ಇದರ ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರೂ ಇನ್ನೊಂದನ್ನು ತಜ್ಞರೂ ಭರ್ತಿ ಮಾಡತಕ್ಕದ್ದು. ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕಾಗಿರುವುದರಿಂದ, ಪ್ರತಿ ತೆಗೆಯುವ ದಿನವೇ ಅದನ್ನು ಬರೆದಿಟ್ಟುಕೊಳ್ಳುವುದು ಕ್ಷೇಮ.

ಪರಿಹಾರಕ್ಕಾಗಿ ಅರ್ಜಿ

ಪೊಲೀಸ್ ದೂರಿನಿಂದ ಅಪರಾಧಿಗೆ ಶಿಕ್ಷೆಯಾಗಬಹುದೇ ಹೊರತು ಸಂಸ್ಥೆಯ ನಷ್ಟ ತಾನಾಗಿಯೇ ತುಂಬಿಬರುವುದಿಲ್ಲ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಪರಿಹಾರಕ್ಕಾಗಿ ಕಲಂ 46 ರ ಅಡಿಯಲ್ಲಿ ನ್ಯಾಯನಿರ್ಣಯ ಅಧಿಕಾರಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗುತ್ತದೆ. 2003 ರ ಕೇಂದ್ರ ಸರ್ಕಾರದ ಆದೇಶದಂತೆ ಆಯಾ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರೇ ಈ ಅಧಿಕಾರಿಯಾಗಿದ್ದು, 5 ಕೋಟಿ ರೂಪಾಯಿಗಳವರೆಗಿನ ಕ್ಲೇಮುಗಳನ್ನು ವಿಚಾರಣೆ ಮಾಡುತ್ತಾರೆ; ಅದಕ್ಕೂ ಮೀರಿದ ಮೊತ್ತಕ್ಕೆ ಸಕ್ಷಮ ನ್ಯಾಯಾಲಯವನ್ನು ಸಂಪರ್ಕಿಸಬೇಕು. ನಿಗದಿತ ನಮೂನೆಯ ಅರ್ಜಿಯೊಂದಿಗೆ, ಕೋರಿದ ಮೊತ್ತಕ್ಕೆ ಅನುಗುಣವಾದ ಶುಲ್ಕ, ಬಳಕೆದಾರರ ಅನುಮತಿ ಪತ್ರಗಳು, ಕರಾರು, ಲಾಗ್‌ಗಳ ಪ್ರಮಾಣಿತ ಪ್ರತಿ ಹಾಗೂ ನಷ್ಟದ ಲೆಕ್ಕವನ್ನು ಲಗತ್ತಿಸುವುದು ಸೂಕ್ತ. ಪರಿಹಾರದ ಮೊತ್ತ ನಿರ್ಧರಿಸುವಾಗ ಎದುರುದಾರರು ಪಡೆದ ಅನುಚಿತ ಲಾಭ, ಅರ್ಜಿದಾರರಿಗಾದ ನಷ್ಟ ಮತ್ತು ಕೃತ್ಯದ ಪುನರಾವರ್ತನೆಯನ್ನು ಪರಿಗಣಿಸಲಾಗುತ್ತದೆ. ಸಾಧ್ಯವಾದಷ್ಟೂ ನಾಲ್ಕು ತಿಂಗಳಲ್ಲಿ ಅರ್ಜಿಯನ್ನೂ ಆರು ತಿಂಗಳಲ್ಲಿ ಇಡೀ ಪ್ರಕರಣವನ್ನೂ ಇತ್ಯರ್ಥಪಡಿಸಬೇಕೆಂದು ನಿಯಮಗಳು ತಿಳಿಸುತ್ತವೆ.

ಸೋರಿಹೋದ ದತ್ತಾಂಶದಲ್ಲಿ ಗ್ರಾಹಕರ ಅಥವಾ ನೌಕರರ ವೈಯಕ್ತಿಕ ವಿವರಗಳೂ ಇದ್ದಲ್ಲಿ ಸಂಸ್ಥೆಯು ದೂರುದಾರ ಮಾತ್ರವಲ್ಲದೆ ಹೊಣೆಗಾರನೂ ಆಗುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ರಲ್ಲಿ ತಕ್ಕ ಭದ್ರತೆ ಕೈಗೊಳ್ಳದಿದ್ದುದಕ್ಕೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಇದರ ನಿಯಮಗಳು 2025 ರ ನವೆಂಬರ್‌ನಲ್ಲಿ ಪ್ರಕಟಗೊಂಡಿದ್ದು, ಭದ್ರತೆಗೆ ಸಂಬಂಧಿಸಿದ ಬಾಧ್ಯತೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ನೀಡಲಾಗಿರುತ್ತದೆ.

ನ್ಯಾಯನಿರ್ಣಯ ಅಧಿಕಾರಿಯ ಆದೇಶದಿಂದ ಬಾಧಿತರಾದವರು ಆದೇಶದ ಪ್ರತಿ ತಲುಪಿದ 45 ದಿನಗಳೊಳಗಾಗಿ ನವದೆಹಲಿಯಲ್ಲಿರುವ ದೂರಸಂಪರ್ಕ ವಿವಾದಗಳ ಇತ್ಯರ್ಥ ಮತ್ತು ಮೇಲ್ಮನವಿ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಬಹುದು. ಉಭಯ ಪಕ್ಷದವರ ಒಪ್ಪಿಗೆಯ ಮೇರೆಗೆ ಹೊರಡಿಸಿದ ಆದೇಶಗಳಿಗೆ ಮೇಲ್ಮನವಿ ಇರುವುದಿಲ್ಲ.