ಮ್ಯಾಕ್ ಮತ್ತು ವಿಂಡೋಸ್: ಜಗಳ ಜಾಹೀರಾತಲ್ಲಿ, ನಂಟು ಅಗ್ರಿಮೆಂಟಲ್ಲಿ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಎಕ್ಸೆಲ್ ಮೊದಲು ಬಂದಿದ್ದು ಯಾವ ಕಂಪ್ಯೂಟರಿಗೆ? ನನ್ನ ಹಾಗೆ ಬಿ.ಕಾಂ ಮಾಡಿದವರಲ್ಲಿ ಹೆಚ್ಚಿನವರು ಅದನ್ನ ಕಲಿತಿದ್ದು ವಿಂಡೋಸ್‌ನಲ್ಲೇ. ಆದರೆ 1985ರಲ್ಲಿ ಮೈಕ್ರೋಸಾಫ್ಟ್ ಅದನ್ನ ಬಿಡುಗಡೆ ಮಾಡಿದ್ದು ಆಪಲ್‌ನ ಮ್ಯಾಕಿಂಟಾಷ್‌ಗೆ. ವಿಂಡೋಸ್‌ಗೆ ಬಂದಿದ್ದು 1987ರಲ್ಲಿ. ಹಾವು-ಮುಂಗುಸಿ ಅಂತ ನಾವು ಅಂದ್ಕೊಂಡಿರೋ ಈ ಎರಡು ಕಂಪನಿಗಳ ಲೆಕ್ಕಪುಸ್ತಕ ತೆಗೆದು ನೋಡಿದ್ರೆ ಇಂಥವು ಬಹಳ ಸಿಗ್ತವೆ.

ಮೌಸ್ ಹಿಡಿದು ಚಿತ್ರದ ಮೇಲೆ ಕ್ಲಿಕ್ ಮಾಡೋ ಪದ್ಧತಿಗೆ ಇಬ್ಬರೂ ಋಣಿಗಳು. ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ 1973ರಲ್ಲೇ ಆಲ್ಟೊ ಅನ್ನೋ ಕಂಪ್ಯೂಟರ್ ಈ ಪದ್ಧತಿಯಲ್ಲಿ ಕೆಲಸ ಮಾಡ್ತಿತ್ತು. 1979ರಲ್ಲಿ ಸ್ಟೀವ್ ಜಾಬ್ಸ್ ಅಲ್ಲಿಗೆ ಹೋಗಿ ನೋಡಿ ಬಂದರು. ಕದ್ದರು ಅಂತ ಹೇಳೋರಿದ್ದಾರೆ. ಆದರೆ ಆ ಬಾಗಿಲು ತೆರೆದಿದ್ದಕ್ಕೆ ಪ್ರತಿಯಾಗಿ, ಆಪಲ್ ಇನ್ನೂ ಷೇರುಪೇಟೆಗೆ ಬರದಿದ್ದಾಗಲೇ ಅದರ 1 ಲಕ್ಷ ಷೇರು ಕೊಳ್ಳೋ ಅವಕಾಶ ಜೆರಾಕ್ಸ್‌ಗೆ ಸಿಕ್ಕಿತ್ತು.

ಹಾಗಾದ್ರೆ ಇಬ್ಬರ ನಡುವಿನ ವ್ಯತ್ಯಾಸ ಏನು? ನನ್ನ ಪ್ರಕಾರ, ಅದು ತಂತ್ರಜ್ಞಾನಕ್ಕಿಂತ ಜಾಸ್ತಿ ವ್ಯಾಪಾರದ್ದು. 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ, ಒಳಗಿನ ಡಾಸ್ ಕೊಟ್ಟಿದ್ದು ಮೈಕ್ರೋಸಾಫ್ಟ್. ಅದೇ ಡಾಸನ್ನ ಬೇರೆಯವರಿಗೂ ಮಾರೋ ಹಕ್ಕನ್ನ ಅದು ತನ್ನ ಹತ್ತಿರವೇ ಇಟ್ಕೊಂಡಿತು. ಕಾಂಪ್ಯಾಕ್‌ನಂಥ ಕಂಪನಿಗಳು ಐಬಿಎಂ ಪಿಸಿಗೆ ಹೊಂದುವ ಯಂತ್ರ ಮಾಡಿದಾಗ, ಅವುಗಳಿಂದಲೂ ಲೈಸೆನ್ಸ್ ಹಣ ಬಂತು. ಡಬ್ಬ ಯಾರದ್ದಾದ್ರೂ ಇರಲಿ, ಗಲ್ಲಾ ಮೈಕ್ರೋಸಾಫ್ಟಿನದು. ಆಪಲ್ ಹಾಗಲ್ಲ. 1984ರ ಮ್ಯಾಕ್‌ನಲ್ಲಿ ಡಬ್ಬವೂ ಅದರದ್ದೇ, ತಂತ್ರಾಂಶವೂ ಅದರದ್ದೇ; ಬೆಲೆ 2,495 ಡಾಲರ್.

1985ರ ನವೆಂಬರಿನಲ್ಲಿ ವಿಂಡೋಸ್ ಬಂತು. ಅದೇ ತಿಂಗಳು ಆಪಲ್, ಮ್ಯಾಕ್‌ನ ಕೆಲವು ದೃಶ್ಯ ಅಂಶಗಳನ್ನ ಬಳಸೋಕೆ ಮೈಕ್ರೋಸಾಫ್ಟ್‌ಗೆ ಲೈಸೆನ್ಸ್ ಬರೆದುಕೊಟ್ಟಿತು. ಯಾಕೆ? ಮ್ಯಾಕ್‌ಗೆ ವರ್ಡ್, ಎಕ್ಸೆಲ್ ಬೇಕಿತ್ತು. 1988ರಲ್ಲಿ ಆಪಲ್ ಕೋರ್ಟಿಗೆ ಹೋದಾಗ ಈ ಕಾಗದವೇ ಅದಕ್ಕೆ ಮುಳುವಾಯ್ತು. ನಕಲು ಅಂತ ತೋರಿಸಿದ 189 ಅಂಶಗಳಲ್ಲಿ 179ಕ್ಕೆ ಲೈಸೆನ್ಸ್ ಇದೆ ಅಂತ ಕೋರ್ಟ್ ಹೇಳಿತು. ಉಳಿದವುಗಳಲ್ಲೂ ಆಪಲ್ ಗೆಲ್ಲಲಿಲ್ಲ. ಸಹಿ ಹಾಕೋ ಮುಂಚೆ ಪೂರ್ತಿ ಓದಿ ಅಂತ ನಮ್ಮ ಹಿರಿಯರು ಹೇಳೋದು ಸುಮ್ನೆ ಅಲ್ಲ.

1997ರಲ್ಲಿ ಆಪಲ್ ಮುಳುಗೋ ಸ್ಥಿತಿಯಲ್ಲಿದ್ದಾಗ 15 ಕೋಟಿ ಡಾಲರ್ ಹೂಡಿದ್ದು ಇದೇ ಮೈಕ್ರೋಸಾಫ್ಟ್. ಜೊತೆಗೆ ಐದು ವರ್ಷ ಮ್ಯಾಕ್‌ಗೆ ಆಫೀಸ್ ಕೊಡ್ತೀವಿ ಅನ್ನೋ ಮಾತು. ಇದು ಬರೀ ದಾನ ಅಲ್ಲ. ಪೇಟೆಂಟ್ ಜಗಳ ಮುಗೀತು, ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಮ್ಯಾಕ್‌ನಲ್ಲಿ ಜಾಗ ಸಿಕ್ತು.

ಇನ್ನೊಂದು ವಿಷಯ ನಮಗೆ ನೇರವಾಗಿ ಸಂಬಂಧಿಸಿದ್ದು. ಆಗೆಲ್ಲ ಒಂದು ಕಂಪ್ಯೂಟರಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗ್ತಿತ್ತು. 1987ರಲ್ಲಿ ಜೆರಾಕ್ಸ್‌ನ ಜೋ ಬೆಕರ್, ಆಪಲ್‌ನ ಲೀ ಕಾಲಿನ್ಸ್ ಮತ್ತು ಮಾರ್ಕ್ ಡೇವಿಸ್ ಸೇರಿ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆ ಮಾಡೋ ಕೆಲಸ ಶುರು ಮಾಡಿದರು. ಅದೇ ಯೂನಿಕೋಡ್. ಮೈಕ್ರೋಸಾಫ್ಟ್ ಕೂಡ ಸೇರಿಕೊಂಡಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ನೆನಪಿರಲಿ, ಆಗ ಆಪಲ್ ಮತ್ತು ಮೈಕ್ರೋಸಾಫ್ಟ್ ಕೋರ್ಟಿನಲ್ಲಿ ಎದುರಾಳಿಗಳು!

ಮ್ಯಾಕಾ ವಿಂಡೋಸಾ ಅಂತ ಫ್ರೆಂಡ್ಸ್ ಗ್ರೂಪಲ್ಲಿ ಜಗಳ ಆಡಿ, ತಪ್ಪಿಲ್ಲ. ಆದರೆ ಆ ಜಗಳವನ್ನ ಕನ್ನಡದಲ್ಲೇ ಟೈಪ್ ಮಾಡಿ, ಎಲ್ಲರ ಫೋನಲ್ಲೂ ಅದು ಸರಿಯಾಗಿ ಕಾಣಿಸ್ತಿದ್ರೆ, ಅದರ ಹಿಂದೆ ಎರಡೂ ಕಡೆಯವರ ದುಡಿಮೆ ಇದೆ. ಮುಂದಿನ ವಾರ ಸಿಗೋಣ.